ಸದ್ದು ಮಾಡದೆ ಕೆಲಸ ಮಾಡುವ ಫ್ರೀ ಆ್ಯಂಟಿವೈರಸ್ ಯಾವುದು?

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 10 ಅಥವಾ 11 ಇದ್ದರೆ ಫ್ರೀ ಆ್ಯಂಟಿವೈರಸ್ ಈಗಾಗಲೇ ಅದರೊಳಗೆ ಇದೆ. ಹೆಸರು ಮೈಕ್ರೋಸಾಫ್ಟ್ ಡಿಫೆಂಡರ್. ದುಡ್ಡು ಕೊಡಬೇಕಿಲ್ಲ, ಇಮೇಲ್ ಕೊಟ್ಟು ಅಕೌಂಟ್ ತೆರೆಯಬೇಕಿಲ್ಲ, ಡೌನ್‌ಲೋಡ್ ಕೂಡ ಮಾಡಬೇಕಿಲ್ಲ. ಹೆಚ್ಚಿನ ಮನೆಗಳಿಗೆ ಅದೇ ಸಾಕು. ಉಳಿದ ಫ್ರೀ ಆ್ಯಂಟಿವೈರಸ್‌ಗಳ ಬಗ್ಗೆಯೂ ಬರೆಯುತ್ತೇನೆ, ಅವುಗಳಲ್ಲಿ ಒಂದೆರಡು ನಿಜಕ್ಕೂ ಚೆನ್ನಾಗಿವೆ. ಆದರೆ ಡಿಫೆಂಡರ್ ಬಿಟ್ಟು ಬೇರೆಯದಕ್ಕೆ ಹೋಗಲು ಒಂದು ಗಟ್ಟಿ ಕಾರಣ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಈ ಮಾತು ಕೇಳಿದರೆ ಹಳಬರು ನಂಬುವುದಿಲ್ಲ. ನಂಬದಿರಲು ಕಾರಣವೂ ಇದೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಅದರೊಳಗೆ ಆ್ಯಂಟಿವೈರಸ್ ಇರಲೇ ಇಲ್ಲ. ಸೈಬರ್ ಸೆಂಟರಿಗೆ ಹೋಗಿ ಬಂದ ಪೆನ್‌ಡ್ರೈವ್ ಚುಚ್ಚಿದರೆ ಮುಗೀತು, ಆವತ್ತೇ ಫಾರ್ಮ್ಯಾಟ್ ಮಾಡಿಸಬೇಕಾಗುತ್ತಿತ್ತು. 2009ರಲ್ಲಿ ಮೈಕ್ರೋಸಾಫ್ಟ್ ಸೆಕ್ಯುರಿಟಿ ಎಸೆನ್ಷಿಯಲ್ಸ್ ಅಂತ ಒಂದನ್ನು ಬಿಟ್ಟರು, ಬೇಕಾದವರು ತಾವೇ ಹಾಕಿಕೊಳ್ಳಬೇಕಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗ ಮೊದಲ ಸಲ ಪೂರ್ತಿ ಆ್ಯಂಟಿವೈರಸ್ ವಿಂಡೋಸ್ ಜೊತೆಗೇ ಬಂತು. ಆಗ ಅದು ಅಷ್ಟೇನೂ ಚೆನ್ನಾಗಿರಲಿಲ್ಲ, ಪರೀಕ್ಷೆಗಳಲ್ಲಿ ಕೆಳಗಿನ ಸಾಲಿನಲ್ಲೇ ಇರುತ್ತಿತ್ತು. ಈಗ ಹಾಗಿಲ್ಲ. ಜರ್ಮನಿಯ ಎವಿ-ಟೆಸ್ಟ್ ಅನ್ನುವ ಪ್ರಯೋಗಾಲಯ ಆ್ಯಂಟಿವೈರಸ್‌ಗಳಿಗೆ ಅಂಕ ಕೊಡುತ್ತದೆ. ರಕ್ಷಣೆಯ ವಿಭಾಗದಲ್ಲಿ ಡಿಫೆಂಡರ್ ಕೆಲವು ವರ್ಷಗಳಿಂದ ಹೆಚ್ಚಾಗಿ 6ಕ್ಕೆ 6 ಪಡೆಯುತ್ತಿದೆ. ದುಡ್ಡು ಕೊಟ್ಟು ಕೊಳ್ಳುವ ದೊಡ್ಡ ಹೆಸರುಗಳೂ ಅಷ್ಟನ್ನೇ ಪಡೆಯುವುದು.

ಹಾಗಾದರೆ ಹಿಡಿಯುವ ಶಕ್ತಿ ಎಲ್ಲದರದ್ದೂ ಹೆಚ್ಚುಕಡಿಮೆ ಒಂದೇ ಆದಾಗ ಆರಿಸುವುದು ಹೇಗೆ? ನಾನು ನೋಡುವುದು ಒಂದೇ ವಿಷಯ. ಅದು ಎಷ್ಟು ಸುಮ್ಮನಿರುತ್ತದೆ ಅನ್ನುವುದು.

ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಮನೆಯ ಕಂಪ್ಯೂಟರ್ ಮಟ್ಟಿಗೆ ಇದಕ್ಕಿಂತ ದೊಡ್ಡ ವಿಷಯ ಇಲ್ಲ ಅಂತ ನನಗೆ ಖಾತ್ರಿಯಾಗಿದೆ. ನಮ್ಮ ದೊಡ್ಡಮ್ಮನ ಮನೆಯ ಕಂಪ್ಯೂಟರಿನಲ್ಲಿ ಒಂದು ಫ್ರೀ ಆ್ಯಂಟಿವೈರಸ್ ಇತ್ತು. ಹೆಸರು ಬೇಡ ಬಿಡಿ. ಸ್ಕ್ರೀನಿನ ಬಲಗಡೆ ಮೂಲೆಯಲ್ಲಿ ಆಗಾಗ ಕೆಂಪು ಕಿಟಕಿ ಬರುತ್ತಿತ್ತು. ನಿಮ್ಮ ಐಪಿ ವಿಳಾಸ ಎಲ್ಲರಿಗೂ ಕಾಣುತ್ತಿದೆ, ನಿಮ್ಮ ಕಂಪ್ಯೂಟರಿನಲ್ಲಿ ಇಷ್ಟು ಸಮಸ್ಯೆಗಳಿವೆ, ಈಗಲೇ ಸರಿಪಡಿಸಿ ಅಂತ ಇಂಗ್ಲಿಷಿನಲ್ಲಿ. ಒತ್ತಿದರೆ ದುಡ್ಡು ಕೇಳುವ ಪುಟ. ಅದು ಜಾಹೀರಾತು ಅಂತ ನನಗೆ, ನಿಮಗೆ ಗೊತ್ತಾಗುತ್ತದೆ. ದೊಡ್ಡಮ್ಮನಿಗೆ ಹೇಗೆ ಗೊತ್ತಾಗಬೇಕು? ಪಿಂಚಣಿ ನೋಡುವುದಕ್ಕೆ, ಮೊಮ್ಮಕ್ಕಳ ಜೊತೆ ವಿಡಿಯೋ ಕಾಲ್ ಮಾಡುವುದಕ್ಕೆ ಕಂಪ್ಯೂಟರ್ ಹಾಕುವವರು ಅವರು. ಕೆಂಪು ಕಿಟಕಿ ಬಂದರೆ ಅದರಲ್ಲಿ ಹೇಳಿದ್ದನ್ನು ಮಾಡಬೇಕು ಅಂತಲೇ ಕಲಿತುಬಿಟ್ಟಿದ್ದರು. ಮೋಸಗಾರರು ಬಳಸುವುದೂ ಇದೇ ಥರದ ಕಿಟಕಿಯನ್ನೇ ಅಲ್ವಾ? ನಿಮ್ಮ ಕಂಪ್ಯೂಟರ್ ಲಾಕ್ ಆಗಿದೆ, ಈ ನಂಬರಿಗೆ ಫೋನ್ ಮಾಡಿ ಅಂತ ಹೆದರಿಸುವ ವೆಬ್‌ಸೈಟಿಗೂ, ದುಡ್ಡಿನ ಆವೃತ್ತಿ ಮಾರಲು ಹೆದರಿಸುವ ಆ್ಯಂಟಿವೈರಸ್ಸಿಗೂ ವ್ಯತ್ಯಾಸ ಹುಡುಕು ಅಂತ ವಯಸ್ಸಾದವರಿಗೆ ಹೇಳುವುದು ನ್ಯಾಯವಲ್ಲ. ಕಾಯಬೇಕಾದ ತಂತ್ರಾಂಶವೇ ಜನರಿಗೆ ಹೆದರಿ ಒತ್ತುವ ಅಭ್ಯಾಸ ಮಾಡಿಸುತ್ತಿದ್ದರೆ, ಅದು ಎಷ್ಟೇ ವೈರಸ್ ಹಿಡಿಯಲಿ, ನನಗೆ ಬೇಡ.

ಡಿಫೆಂಡರ್ ಈ ವಿಷಯದಲ್ಲಿ ಗೆಲ್ಲುತ್ತದೆ. ಏನನ್ನಾದರೂ ಹಿಡಿದರೆ ಹೇಳುತ್ತದೆ, ಇಲ್ಲದಿದ್ದರೆ ಇರುವುದೇ ಗೊತ್ತಾಗುವುದಿಲ್ಲ.

ಅದರಲ್ಲಿ ಕೊರತೆ ಇಲ್ಲ ಅಂತಲ್ಲ. ಮೊದಲನೆಯದು ಇಂಟರ್ನೆಟ್ ಮೇಲಿನ ಅವಲಂಬನೆ. ಹೊಸ ಫೈಲ್ ಒಂದು ಅನುಮಾನ ಹುಟ್ಟಿಸಿದರೆ ಅದು ಮೈಕ್ರೋಸಾಫ್ಟಿನ ಸರ್ವರ್ ಹತ್ತಿರ ಕೇಳಿ ತೀರ್ಮಾನ ಮಾಡುತ್ತದೆ. ನೆಟ್ ಇಲ್ಲದಾಗ ಹಿಡಿಯುವ ಪ್ರಮಾಣ ಎದ್ದು ಕಾಣುವಷ್ಟು ಕಡಿಮೆಯಾಗುತ್ತದೆ. ಆಸ್ಟ್ರಿಯಾದ ಎವಿ-ಕಂಪ್ಯಾರೆಟಿವ್ಸ್ ಸಂಸ್ಥೆ ನೆಟ್ ಇಲ್ಲದೆಯೂ ಪರೀಕ್ಷೆ ಮಾಡುತ್ತದೆ, ಅದರಲ್ಲಿ ಇದು ಕಂಡಿದೆ. ಬೆಂಗಳೂರಿನಲ್ಲಿ ಫೈಬರ್ ಇರುವವರಿಗೆ ಇದು ಲೆಕ್ಕಕ್ಕಿಲ್ಲ. ಮಲೆನಾಡಿನ ಕಡೆ, ಮಳೆಗಾಲದಲ್ಲಿ ದಿನಗಟ್ಟಲೆ ನೆಟ್ ಹೋಗುವ ಊರಿನಲ್ಲಿ, ಪೆನ್‌ಡ್ರೈವ್‌ನಲ್ಲೇ ಫೈಲ್ ಓಡಾಡುವ ಮನೆಯಲ್ಲಿ ಇದನ್ನು ಗಮನಿಸಲೇಬೇಕು. ಎರಡನೆಯದು, ಹಳೆಯ ಹಾರ್ಡ್ ಡಿಸ್ಕ್ ಇರುವ ಕಂಪ್ಯೂಟರಿನಲ್ಲಿ ಭಾರ. ಟಾಸ್ಕ್ ಮ್ಯಾನೇಜರ್ ತೆರೆದರೆ ಆ್ಯಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್ ಅನ್ನುವುದು ಡಿಸ್ಕನ್ನು ತಿನ್ನುತ್ತಾ ಕೂತಿರುತ್ತದೆ, ಅದೇ ಡಿಫೆಂಡರ್. ಅದನ್ನು ಬಂದ್ ಮಾಡಬೇಡಿ. ಹಾರ್ಡ್ ಡಿಸ್ಕ್ ತೆಗೆದು ಅದಕ್ಕಿಂತ ತುಂಬ ವೇಗದ ಎಸ್‌ಎಸ್‌ಡಿ ಹಾಕಿಸಿ, ಆ್ಯಂಟಿವೈರಸ್‌ಗೆ ವರ್ಷ ವರ್ಷ ಕೊಡುವ ದುಡ್ಡಿಗಿಂತ ಅದು ಒಳ್ಳೆಯ ಖರ್ಚು. ಮೂರನೆಯದು, ಕೆಟ್ಟ ವೆಬ್‌ಸೈಟ್ ತಡೆಯುವ ಸ್ಮಾರ್ಟ್‌ಸ್ಕ್ರೀನ್ ಎಡ್ಜ್ ಬ್ರೌಸರಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ. ಕ್ರೋಮ್ ಬಳಸಿದರೆ ಗೂಗಲ್‌ನ ಸೇಫ್ ಬ್ರೌಸಿಂಗ್ ಮೇಲೆ ಭರವಸೆ ಇಡಬೇಕು. ಅದೂ ಪರವಾಗಿಲ್ಲ.

ಈಗ ಮುಖ್ಯವಾದ ಕೆಲಸ. ಡಿಫೆಂಡರ್ ಇದೆ ಅಂತ ನೀವು ಅಂದುಕೊಂಡಿದ್ದೀರಿ, ಅದು ನಿಜಕ್ಕೂ ಎದ್ದಿದೆಯಾ?

ಸ್ಟಾರ್ಟ್ ಮೆನುವಿನಲ್ಲಿ ವಿಂಡೋಸ್ ಸೆಕ್ಯುರಿಟಿ ಅಂತ ಹುಡುಕಿ ತೆರೆಯಿರಿ. ವೈರಸ್ ಆ್ಯಂಡ್ ಥ್ರೆಟ್ ಪ್ರೊಟೆಕ್ಷನ್ ಒಳಗೆ ಹೋಗಿ, ಮ್ಯಾನೇಜ್ ಸೆಟ್ಟಿಂಗ್ಸ್ ಒತ್ತಿ. ರಿಯಲ್-ಟೈಮ್ ಪ್ರೊಟೆಕ್ಷನ್, ಕ್ಲೌಡ್ ಪ್ರೊಟೆಕ್ಷನ್, ಟ್ಯಾಂಪರ್ ಪ್ರೊಟೆಕ್ಷನ್ ಎಲ್ಲ ಆನ್ ಇರಬೇಕು. ಅದೇ ಪುಟದಲ್ಲಿ ಕೆಳಗೆ ಎಕ್ಸ್‌ಕ್ಲೂಷನ್ಸ್ ಅಂತ ಇದೆ. ಇದನ್ನು ಯಾರೂ ನೋಡುವುದಿಲ್ಲ, ನೀವು ದಯವಿಟ್ಟು ನೋಡಿ. ಇಲ್ಲಿರುವ ಫೋಲ್ಡರುಗಳನ್ನು ಡಿಫೆಂಡರ್ ಮುಟ್ಟುವುದೇ ಇಲ್ಲ. ನಮ್ಮಲ್ಲಿ ಎಷ್ಟೋ ಅಸೆಂಬಲ್ಡ್ ಕಂಪ್ಯೂಟರುಗಳಲ್ಲಿ ವಿಂಡೋಸ್ ಕಳ್ಳ ಪ್ರತಿ. ಅದನ್ನು ಆ್ಯಕ್ಟಿವೇಟ್ ಮಾಡುವ ಸಣ್ಣ ಪ್ರೋಗ್ರಾಮನ್ನು ಡಿಫೆಂಡರ್ ಹಿಡಿಯುತ್ತದೆ, ಹಾಗಾಗಿ ಹಾಕುವವರು ಮೊದಲು ಡಿಫೆಂಡರನ್ನು ಮಲಗಿಸುತ್ತಾರೆ, ಇಲ್ಲವೇ ಆ ಫೋಲ್ಡರನ್ನು, ಕೆಲವು ಸಲ ಇಡೀ ಸಿ ಡ್ರೈವನ್ನೇ ಈ ಪಟ್ಟಿಗೆ ಸೇರಿಸಿ ಹೋಗುತ್ತಾರೆ. ಮನೆಯವರಿಗೆ ಗೊತ್ತೇ ಇರುವುದಿಲ್ಲ. ಮಕ್ಕಳು ಕ್ರ್ಯಾಕ್ ಮಾಡಿದ ಗೇಮ್ ಹಾಕುವಾಗಲೂ ಇದೇ ಕಥೆ, ಆ್ಯಂಟಿವೈರಸ್ ಆಫ್ ಮಾಡಿ ಅಂತ ಯೂಟ್ಯೂಬ್ ವಿಡಿಯೋದಲ್ಲೇ ಹೇಳಿಕೊಡುತ್ತಾರೆ. ನಿಮಗೆ ಗೊತ್ತಿಲ್ಲದ ಹೆಸರು ಆ ಪಟ್ಟಿಯಲ್ಲಿದ್ದರೆ ತೆಗೆದುಹಾಕಿ, ಆಮೇಲೆ ಫುಲ್ ಸ್ಕ್ಯಾನ್ ಮಾಡಿ. ಅನುಮಾನ ಜಾಸ್ತಿ ಇದ್ದರೆ ಅಲ್ಲೇ ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್ ಅಂತ ಇನ್ನೊಂದಿದೆ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಏಳುವ ಮುಂಚೆಯೇ ಹುಡುಕುತ್ತದೆ. ವಿಂಡೋಸ್ ಎದ್ದ ಮೇಲೆ ಅಡಗಿ ಕೂರುವ ವೈರಸ್ಸುಗಳಿಗೆ ಅದು ಸರಿಯಾದ ಮದ್ದು.

ಎಲ್ಲ ಆನ್ ಇದೆ, ಆದರೂ ನಂಬಿಕೆ ಬರುತ್ತಿಲ್ಲವಾ? ಐಕಾರ್ ಅನ್ನುವ ಪರೀಕ್ಷೆಯ ಫೈಲ್ ಇದೆ. 68 ಅಕ್ಷರಗಳ ಒಂದು ಸಾಲು ಅಷ್ಟೇ, ಏನೂ ಹಾನಿ ಮಾಡುವುದಿಲ್ಲ. ಎಲ್ಲ ಆ್ಯಂಟಿವೈರಸ್‌ಗಳೂ ಅದನ್ನು ವೈರಸ್ ಅಂತಲೇ ಹಿಡಿಯಬೇಕು ಅನ್ನುವುದು ಒಪ್ಪಂದ. ಐಕಾರ್ ಸಂಸ್ಥೆಯ ತಾಣದಿಂದ ಅದನ್ನು ಇಳಿಸಲು ನೋಡಿ. ನಿಮ್ಮ ಆ್ಯಂಟಿವೈರಸ್ ಸುಮ್ಮನೆ ಬಿಟ್ಟರೆ ಅದು ನಿದ್ದೆ ಮಾಡುತ್ತಿದೆ ಅಂತ ಅರ್ಥ.

ಇನ್ನೊಂದು ಸೆಟ್ಟಿಂಗ್ ನನಗೆ ತುಂಬ ಇಷ್ಟ. ರಾನ್ಸಮ್‌ವೇರ್ ಪ್ರೊಟೆಕ್ಷನ್ ಒಳಗೆ ಕಂಟ್ರೋಲ್ಡ್ ಫೋಲ್ಡರ್ ಆ್ಯಕ್ಸೆಸ್ ಅಂತ ಇದೆ. ಇದು ತಾನಾಗಿ ಆನ್ ಇರುವುದಿಲ್ಲ. ಆನ್ ಮಾಡಿದರೆ ಗುರುತಿಲ್ಲದ ಪ್ರೋಗ್ರಾಮು ನಿಮ್ಮ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಫೋಲ್ಡರಿನ ಫೈಲುಗಳನ್ನು ಬದಲಾಯಿಸಲು ಆಗುವುದಿಲ್ಲ. ಮದುವೆ ಫೋಟೋ, ಜಮೀನಿನ ಪಹಣಿ ಸ್ಕ್ಯಾನು, ಮಕ್ಕಳ ಮಾರ್ಕ್ಸ್ ಕಾರ್ಡು ಎಲ್ಲವನ್ನೂ ಬೀಗ ಹಾಕಿ ದುಡ್ಡು ಕೇಳುವ ವೈರಸ್ಸಿಗೆ ಇದು ದೊಡ್ಡ ಅಡ್ಡಿ. ಒಂದು ಕಿರಿಕಿರಿ ಇದೆ. ಹೆಚ್ಚು ಜನ ಬಳಸದ ಹಳೆಯ ಕನ್ನಡ ಟೈಪಿಂಗ್ ತಂತ್ರಾಂಶವೋ, ಲೆಕ್ಕ ಬರೆಯುವ ಪ್ರೋಗ್ರಾಮೋ ಇದ್ದರೆ ಅದಕ್ಕೂ ಫೈಲ್ ಸೇವ್ ಮಾಡಲು ಬಿಡದೇ ಇರಬಹುದು. ಆಗ ಅಲ್ಲೇ ಇರುವ ಅಲೋ ಪಟ್ಟಿಗೆ ಅದೊಂದನ್ನು ಸೇರಿಸಿ, ಒಂದು ಸಲ ಮಾಡಿದರೆ ಆಯಿತು.

ಇನ್ನು ಹೊರಗಿನವು.

ಡಿಫೆಂಡರ್ ಬೇಡವೇ ಬೇಡ ಅನ್ನುವವರಿಗೆ ನಾನು ಮೊದಲು ಹೇಳುವುದು ಬಿಟ್‌ಡಿಫೆಂಡರ್ ಫ್ರೀ. ರೊಮೇನಿಯಾದ ಕಂಪನಿ. ಹಳೆಯ ಫ್ರೀ ಆವೃತ್ತಿಯನ್ನು 2021ರ ಕೊನೆಗೆ ನಿಲ್ಲಿಸಿ, ಆಮೇಲೆ ಹೊಸದನ್ನು ತಂದರು. ಹಿಡಿಯುವುದರಲ್ಲಿ ಗಟ್ಟಿಗ, ಕೆಟ್ಟ ವೆಬ್‌ಸೈಟುಗಳನ್ನು ಯಾವ ಬ್ರೌಸರಿನಲ್ಲಾದರೂ ತಡೆಯುತ್ತದೆ. ಅಕೌಂಟ್ ಮಾಡಲೇಬೇಕು, ಒಳಗೆ ದುಡ್ಡಿನ ಸೌಲಭ್ಯಗಳಿಗೆ ಬೀಗದ ಗುರುತು ಕಾಣುತ್ತಿರುತ್ತದೆ, ಆದರೆ ಮೂಲೆಯಿಂದ ಹೆದರಿಸುವುದು ಕಡಿಮೆ. ನೆಟ್ ಸರಿಯಾಗಿಲ್ಲದ ಊರಿನವರಿಗೆ ಇದು ಡಿಫೆಂಡರಿಗಿಂತ ಒಳ್ಳೆಯ ಆಯ್ಕೆ ಅಂತಲೇ ಹೇಳುತ್ತೇನೆ.

ಕ್ಯಾಸ್ಪರ್‌ಸ್ಕಿ ಫ್ರೀ ಕೂಡ ಕೆಲಸದಲ್ಲಿ ಬಲು ಚುರುಕು. ಆದರೆ ಅದು ರಷ್ಯಾದ ಕಂಪನಿ. 2024ರ ಜೂನ್‌ನಲ್ಲಿ ಅಮೆರಿಕ ಸರ್ಕಾರ ಅದರ ಮಾರಾಟ ನಿಷೇಧಿಸಿತು. ಆ ಸೆಪ್ಟೆಂಬರಿನಲ್ಲಿ ಅಲ್ಲಿನ ಎಷ್ಟೋ ಗ್ರಾಹಕರು ಬೆಳಿಗ್ಗೆ ಕಂಪ್ಯೂಟರ್ ತೆರೆದರೆ ಕ್ಯಾಸ್ಪರ್‌ಸ್ಕಿ ಮಾಯವಾಗಿ ಅಲ್ಟ್ರಾಎವಿ ಅನ್ನುವ ಬೇರೆಯದೇ ಆ್ಯಂಟಿವೈರಸ್ ಬಂದು ಕೂತಿತ್ತು. ಭಾರತದಲ್ಲಿ ನಿಷೇಧ ಇಲ್ಲ. ಆದರೂ ಮನೆಯ ಕಂಪ್ಯೂಟರಿನಲ್ಲೇ ಅಮೆರಿಕದ ಕಂಪನಿಯ ಕೆಲಸ ಮಾಡುವ ಬೆಂಗಳೂರಿನವರು ಇದನ್ನು ಬಿಡುವುದು ವಾಸಿ.

ಅವಾಸ್ಟ್, ಎವಿಜಿ, ಅವಿರಾ ಈ ಮೂರೂ ಹೆಸರು ನಮ್ಮಲ್ಲಿ ಬಹಳ ಜನಕ್ಕೆ ಗೊತ್ತು. ಬೇರೆ ಬೇರೆ ಅಂತ ಹೋಲಿಸಿ ನೋಡುತ್ತಾರೆ. ಈಗ ಮೂರೂ ಒಂದೇ ಮನೆಯವು. ಎವಿಜಿಯನ್ನು 2016ರಲ್ಲಿ ಅವಾಸ್ಟ್ 130 ಕೋಟಿ ಡಾಲರಿಗೆ ಕೊಂಡಿತು. ಅವಿರಾವನ್ನು ನಾರ್ಟನ್ ಕಂಪನಿ ಕೊಂಡಿತು. 2022ರಲ್ಲಿ ನಾರ್ಟನ್ ಮತ್ತು ಅವಾಸ್ಟ್ ಒಂದಾಗಿ ಜೆನ್ ಡಿಜಿಟಲ್ ಆಯಿತು. ಪರೀಕ್ಷೆಗಳಲ್ಲಿ ಅವಾಸ್ಟಿನ ಅಂಕ ಚೆನ್ನಾಗಿಯೇ ಇದೆ, ಅದನ್ನು ಅಲ್ಲಗಳೆಯುವುದಿಲ್ಲ. ನನಗೆ ಬೇಡ ಅನ್ನಿಸುವ ಕಾರಣ ಬೇರೆ. ಅವಾಸ್ಟ್ ತನ್ನ ಬಳಕೆದಾರರು ಯಾವ ಯಾವ ವೆಬ್‌ಸೈಟ್ ನೋಡಿದರು ಅನ್ನುವ ಮಾಹಿತಿಯನ್ನು ಜಂಪ್‌ಶಾಟ್ ಅನ್ನುವ ತನ್ನದೇ ಕಂಪನಿಯ ಮೂಲಕ ಮಾರುತ್ತಿತ್ತು. 2020ರ ಜನವರಿಯಲ್ಲಿ ಅದು ಪತ್ರಿಕೆಗಳಲ್ಲಿ ಬಯಲಾದ ಮೇಲೆ ಜಂಪ್‌ಶಾಟ್ ಮುಚ್ಚಿದರು. 2024ರ ಫೆಬ್ರವರಿಯಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1.65 ಕೋಟಿ ಡಾಲರ್ ಕಟ್ಟಿಸಿತು, ಜಾಹೀರಾತಿಗಾಗಿ ಇಂಥ ಮಾಹಿತಿ ಮಾರಬಾರದು ಅಂತ ಆದೇಶ ಮಾಡಿತು. ಯಾವ ಕಾಯಿಲೆಯ ಬಗ್ಗೆ ಓದಿದಿರಿ, ಯಾವ ಸಾಲದ ಪುಟ ನೋಡಿದಿರಿ ಅನ್ನುವುದೆಲ್ಲ ಅದರಲ್ಲಿ ಬರುತ್ತದೆ ಅಲ್ವಾ? ಈಗ ಅದು ನಿಂತಿರಬಹುದು. ಆದರೆ ಮನೆ ಕಾಯಲು ಇಟ್ಟವನು ಮನೆಯ ಮಾತನ್ನು ಸಂತೆಯಲ್ಲಿ ಮಾರಿದ ಮೇಲೆ ಮತ್ತೆ ಕೀಲಿಕೈ ಕೊಡಲು ನನಗೆ ಮನಸ್ಸು ಬರುವುದಿಲ್ಲ. ಫ್ರೀ ಅಂದಾಗ ದುಡ್ಡು ಎಲ್ಲಿಂದ ಬರುತ್ತದೆ ಅಂತ ಕೇಳಿಕೊಳ್ಳಲೇಬೇಕು.

ಮಾಲ್‌ವೇರ್‌ಬೈಟ್ಸ್ ಫ್ರೀ ಬೇರೆ ಜಾತಿಯದು. ಹಾಕಿದಾಗ 14 ದಿನ ದುಡ್ಡಿನ ಸೌಲಭ್ಯಗಳೂ ಇರುತ್ತವೆ, ಆಮೇಲೆ ನೀವು ಸ್ಕ್ಯಾನ್ ಒತ್ತಿದಾಗ ಮಾತ್ರ ಹುಡುಕುತ್ತದೆ. ಕಾವಲು ಕಾಯುವುದಿಲ್ಲ. ಹಾಗಾಗಿ ಇದೊಂದನ್ನೇ ನೆಚ್ಚಬೇಡಿ. ಡಿಫೆಂಡರಿಗೆ ಕಾಣದ್ದು ಏನಾದರೂ ಇದೆಯಾ ಅಂತ ಎರಡನೇ ಸಲ ನೋಡಲು ಒಳ್ಳೆಯದು.

ಒಂದೇ ಒಂದು ಫೈಲ್ ಮೇಲೆ ಅನುಮಾನ ಇದ್ದರೆ ಏನೂ ಹಾಕುವುದೇ ಬೇಡ, ವೈರಸ್‌ಟೋಟಲ್ ತಾಣಕ್ಕೆ ಏರಿಸಿ. ಗೂಗಲ್‌ನದ್ದು, ಹತ್ತಾರು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಟ್ಟಿಗೆ ಸಿಗುತ್ತದೆ. ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಥರದ ಸ್ವಂತ ಕಾಗದಗಳನ್ನು ಮಾತ್ರ ಅಲ್ಲಿಗೆ ಹಾಕಬೇಡಿ, ಏರಿಸಿದ ಫೈಲುಗಳು ಅಲ್ಲಿನ ಸಂಶೋಧಕರಿಗೂ ಸಿಗುತ್ತವೆ.

ನಮ್ಮ ದೇಶದವು? ಪುಣೆಯ ಕ್ವಿಕ್ ಹೀಲ್, ಚೆನ್ನೈನ ಕೆ7 ಎರಡೂ ದುಡ್ಡಿನವು, ಟ್ರಯಲ್ ಮಾತ್ರ ಫ್ರೀ. ನಮ್ಮ ಊರುಗಳ ಕಂಪ್ಯೂಟರ್ ಅಂಗಡಿಯಲ್ಲಿ ಡಬ್ಬಿ ಸಿಗುತ್ತದೆ, ತೊಂದರೆಯಾದರೆ ಫೋನ್ ಮಾಡಿದಾಗ ಸಹಾಯ ಸಿಗುತ್ತದೆ. ಅದು ಬೇಕು ಅನ್ನುವವರು ತೆಗೆದುಕೊಳ್ಳಲಿ, ತಪ್ಪೇನಿಲ್ಲ. ಫ್ರೀ ಬೇಕೆನ್ನುವವರಿಗೆ ಸರ್ಕಾರದ್ದೇ ಒಂದು ತಾಣ ಇದೆ. ಸೈಬರ್ ಸುರಕ್ಷತೆ ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್ 2017ರಲ್ಲಿ ಶುರು ಮಾಡಿದ ಸೈಬರ್ ಸ್ವಚ್ಛತಾ ಕೇಂದ್ರ. ಅಲ್ಲಿ ಸೋಂಕು ತೆಗೆಯುವ ಉಪಕರಣಗಳನ್ನು ಫ್ರೀಯಾಗಿ ಕೊಡುತ್ತಾರೆ. ಕಂಪ್ಯೂಟರ್ ಅಂಗಡಿಗಳಲ್ಲಿ ಕೂಡ ಇದರ ಹೆಸರು ಹೇಳುವವರು ಕಡಿಮೆ, ಅದು ಬೇಸರದ ವಿಷಯ.

ಒಂದು ನಿಯಮ ನೆನಪಿಡಿ. ಸದಾ ಕಾಯುವ ಆ್ಯಂಟಿವೈರಸ್ ಒಂದೇ ಇರಲಿ. ಎರಡು ಹಾಕಿದರೆ ಒಂದರ ಕೆಲಸಕ್ಕೆ ಇನ್ನೊಂದು ಅಡ್ಡ ಬರುತ್ತದೆ, ಕಂಪ್ಯೂಟರ್ ತೆವಳುತ್ತದೆ. ಬೇರೆಯದನ್ನು ಹಾಕಿದಾಗ ಡಿಫೆಂಡರ್ ತಾನಾಗಿ ಹಿಂದೆ ಸರಿಯುತ್ತದೆ, ಅದನ್ನು ತೆಗೆದಾಗ ತಾನಾಗಿ ಎದ್ದು ಬರುತ್ತದೆ. ಹೊಸ ಲ್ಯಾಪ್‌ಟಾಪ್ ಜೊತೆ ಬಂದ ಟ್ರಯಲ್ ಆ್ಯಂಟಿವೈರಸ್ ಅವಧಿ ಮುಗಿದಿದ್ದರೂ ಹಾಗೇ ಬಿಟ್ಟಿರುವವರು ಬಹಳ. ಅದನ್ನು ಸೆಟ್ಟಿಂಗ್ಸ್‌ನ ಆ್ಯಪ್ಸ್‌ಗೆ ಹೋಗಿ ಅನ್‌ಇನ್‌ಸ್ಟಾಲ್ ಮಾಡಿ. ಹೊಸದನ್ನು ಇಳಿಸುವಾಗ ಕಂಪನಿಯ ಸ್ವಂತ ತಾಣದಿಂದಲೇ ಇಳಿಸಿ. 2024ರಲ್ಲಿ ಅವಾಸ್ಟ್, ಬಿಟ್‌ಡಿಫೆಂಡರ್, ಮಾಲ್‌ವೇರ್‌ಬೈಟ್ಸ್ ಹೆಸರಿನ ನಕಲಿ ತಾಣಗಳೇ ಪತ್ತೆಯಾಗಿದ್ದವು, ಆ್ಯಂಟಿವೈರಸ್ ಅಂತ ವೈರಸ್ಸನ್ನೇ ಹಂಚುತ್ತಿದ್ದವು.

ಪೆನ್‌ಡ್ರೈವ್ ವಿಷಯ ಬಿಟ್ಟರೆ ನಮ್ಮ ಕಡೆಯವರಿಗೆ ಈ ಬರಹ ಪೂರ್ತಿ ಆಗುವುದಿಲ್ಲ. ಜೆರಾಕ್ಸ್ ಅಂಗಡಿಗೆ ಪ್ರಿಂಟ್ ತೆಗೆಸಲು ಪೆನ್‌ಡ್ರೈವ್ ಕೊಡುತ್ತೀರಿ, ಮನೆಗೆ ಬಂದು ನೋಡಿದರೆ ಫೋಲ್ಡರುಗಳೆಲ್ಲ ಶಾರ್ಟ್‌ಕಟ್ ಆಗಿವೆ. ಗಾಬರಿಯಾಗಬೇಡಿ, ಫಾರ್ಮ್ಯಾಟ್ ಮಾಡಬೇಡಿ, ಆ ಶಾರ್ಟ್‌ಕಟ್ ಒತ್ತಬೇಡಿ. ಒತ್ತಿದರೆ ವೈರಸ್ ಓಡುತ್ತದೆ. ನಿಮ್ಮ ಫೈಲುಗಳು ಸಾಮಾನ್ಯವಾಗಿ ಅಲ್ಲೇ ಇರುತ್ತವೆ, ಬಚ್ಚಿಟ್ಟಿರುತ್ತದೆ ಅಷ್ಟೇ. ಮೊದಲು ಪೆನ್‌ಡ್ರೈವನ್ನು ಡಿಫೆಂಡರಿನಲ್ಲಿ ಸ್ಕ್ಯಾನ್ ಮಾಡಿ. ಆಮೇಲೆ ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಹಿಡನ್ ಫೈಲುಗಳನ್ನು ತೋರಿಸು ಅಂತ ಹೇಳಿ, ಅದರ ಜೊತೆ ಸಿಸ್ಟಮ್ ಫೈಲುಗಳನ್ನು ಮುಚ್ಚಿಡು ಅನ್ನುವ ಟಿಕ್ ತೆಗೆಯಿರಿ. ಎಲ್ಲ ಕಾಣುತ್ತವೆ. ಬೇಕಾದ್ದನ್ನು ಕಾಪಿ ಮಾಡಿಕೊಂಡ ಮೇಲೆ ಪೆನ್‌ಡ್ರೈವ್ ಫಾರ್ಮ್ಯಾಟ್ ಮಾಡಿ. ಅಲ್ಲೇ ಫೈಲ್ ಎಕ್ಸ್‌ಟೆನ್ಷನ್, ಅಂದರೆ ಹೆಸರಿನ ಕೊನೆಯಲ್ಲಿರುವ ಡಾಟ್ ಪಿಡಿಎಫ್ ಥರದ ಬಾಲ, ತೋರಿಸುವ ಸೆಟ್ಟಿಂಗನ್ನೂ ಆನ್ ಮಾಡಿಬಿಡಿ. ಪಿಡಿಎಫ್ ಚಿತ್ರ ಹಾಕಿಕೊಂಡು ಬಂದ ಇಎಕ್ಸ್‌ಇ ಫೈಲ್, ಅಂದರೆ ಒತ್ತಿದರೆ ಓಡುವ ಪ್ರೋಗ್ರಾಮು, ಆಗ ಗುರುತು ಸಿಗುತ್ತದೆ.

ಯಾವ ಆ್ಯಂಟಿವೈರಸ್ಸೂ ಪೂರ್ತಿ ತಡೆಯಲಾರದ್ದು ಎರಡು ಇವೆ. ಒಂದು, ಬ್ರೌಸರಿನ ನೋಟಿಫಿಕೇಷನ್. ಯಾವುದೋ ಸಿನಿಮಾ ಡೌನ್‌ಲೋಡ್ ತಾಣದಲ್ಲಿ ಅಲೋ ಒತ್ತಿರುತ್ತೀರಿ, ಅವತ್ತಿನಿಂದ ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ ಅಂತ ದಿನವೂ ಮೂಲೆಯಲ್ಲಿ ಬರುತ್ತದೆ. ಅದು ವೈರಸ್ ಅಲ್ಲ. ಕ್ರೋಮ್ ಸೆಟ್ಟಿಂಗ್ಸ್‌ನಲ್ಲಿ ಸೈಟ್ ಸೆಟ್ಟಿಂಗ್ಸ್, ಅದರಲ್ಲಿ ನೋಟಿಫಿಕೇಷನ್ಸ್, ಅಲ್ಲಿರುವ ಗೊತ್ತಿಲ್ಲದ ತಾಣಗಳನ್ನು ತೆಗೆದರೆ ನಿಂತುಹೋಗುತ್ತದೆ. ಇದಕ್ಕೆ ಹೆದರಿ ದುಡ್ಡು ಕೊಟ್ಟು ಆ್ಯಂಟಿವೈರಸ್ ತಂದವರಿದ್ದಾರೆ. ಇನ್ನೊಂದು ಈಚಿನದು, ತುಂಬ ಅಪಾಯದ್ದು. ನೀವು ರೋಬೋಟ್ ಅಲ್ಲ ಅಂತ ತೋರಿಸಿ ಅನ್ನುವ ನಕಲಿ ಪುಟ ಬರುತ್ತದೆ. ವಿಂಡೋಸ್ ಕೀ ಮತ್ತು ಆರ್ ಒತ್ತಿ, ಆಮೇಲೆ ಕಂಟ್ರೋಲ್ ವಿ, ಆಮೇಲೆ ಎಂಟರ್ ಅಂತ ಹೇಳುತ್ತದೆ. ಹಾಗೆ ಮಾಡಿದರೆ ನಿಮ್ಮ ಕೈಯಾರೆ ವೈರಸ್ ಓಡಿಸಿದ ಹಾಗೆ. ಯಾವ ನಿಜವಾದ ತಾಣವೂ ಹೀಗೆ ಕೇಳುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಇದೊಂದನ್ನು ಇವತ್ತೇ ಹೇಳಿ. ದುಡ್ಡು ಹೋಗಿಯೇ ಬಿಟ್ಟರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೊನೆಗೆ ವಿಂಡೋಸ್ 10 ಇರುವವರಿಗೆ. ಅದರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಡಿಫೆಂಡರಿಗೆ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಕೊಡುತ್ತೇವೆ ಅಂತ ಮೈಕ್ರೋಸಾಫ್ಟ್ ಹೇಳಿದೆ, ಆದರೆ ವಿಂಡೋಸ್‌ನ ತೂತು ಮುಚ್ಚುವ ಅಪ್‌ಡೇಟ್ ಬೇರೆ, ಅದಿಲ್ಲದೆ ಆ್ಯಂಟಿವೈರಸ್ ಒಂದೇ ಸಾಲದು. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ವನ್ನಾಕ್ರೈ ವೈರಸ್ ಹಬ್ಬಿದಾಗ ಅದನ್ನು ತಡೆಯುವ ಅಪ್‌ಡೇಟ್ ಮಾರ್ಚ್‌ನಲ್ಲೇ ಬಂದಿತ್ತು, ಹಾಕಿಕೊಳ್ಳದವರು ಸಿಕ್ಕಿಬಿದ್ದರು. ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಇಎಸ್‌ಯು ಅನ್ನುವ ಹೆಚ್ಚುವರಿ ಅವಧಿಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಅಪ್‌ಡೇಟ್ ಸಿಗುತ್ತದೆ. ಮೈಕ್ರೋಸಾಫ್ಟ್ ಅಕೌಂಟಿಗೆ ಸೆಟ್ಟಿಂಗ್ಸ್ ಬ್ಯಾಕಪ್ ಆನ್ ಮಾಡಿದರೆ ಅದಕ್ಕೆ ದುಡ್ಡು ಬೇಡ. ವಿಂಡೋಸ್ 7 ಇನ್ನೂ ಇಟ್ಟುಕೊಂಡಿರುವವರಿಗೆ ನಾನು ಯಾವ ಆ್ಯಂಟಿವೈರಸ್ಸನ್ನೂ ಹೇಳುವುದಿಲ್ಲ. ಅದಕ್ಕೆ ನೆಟ್ ಕೊಡಬೇಡಿ, ಮಕ್ಕಳು ಟೈಪಿಂಗ್ ಕಲಿಯಲು ಇರಲಿ, ಬ್ಯಾಂಕಿನ ಕೆಲಸ ಫೋನಿನಲ್ಲೇ ಮಾಡಿ.